ಸೇವ್ ಒತ್ತಿದ್ರೆ ಬರುತ್ತೆ, ತೆರೆದ್ರೆ ಬರಲ್ಲ

(1/5)

ಫೋಟೋದಲ್ಲಿ ಎಡಗಡೆ ಕೋಡು, ಬಲಗಡೆ ಬ್ರೌಸರ್. ವೆಬ್‌ಸೈಟ್ ಕೆಲಸ ಮಾಡೋರ ಸ್ಕ್ರೀನೆಲ್ಲ ಹೆಚ್ಚುಕಮ್ಮಿ ಹೀಗೇ ಇರುತ್ತೆ. ಎಡಗಡೆ ಒಂದಕ್ಷರ ತಿದ್ದಿ ಸೇವ್ ಮಾಡಿದ್ರೆ ಬಲಗಡೆ ತಾನಾಗೇ ಬದಲಾಗುತ್ತೆ. ಎಫ್5 ಒತ್ತೋ ಕೆಲಸ ಇಲ್ಲ. ಈ ಸೌಕರ್ಯದ ಒಂದು ಭಾಗದ ಮೇಲೆ ಇವತ್ತು ಜಗಳ ತೆಗೀತಿದ್ದೀನಿ. ಬೈಯೋರು ಐದೂ ಭಾಗ ಓದಿ ಆಮೇಲೆ ಬೈಯಿರಿ.

ಮೊದಲು ಎರಡು ಸಂಗತಿಗಳನ್ನ ಬಿಡಿಸ್ಕೊಳ್ಳೋಣ, ಯಾಕಂದ್ರೆ ಎರಡನ್ನೂ ಎಲ್ಲರೂ ಒಂದೇ ಉಸಿರಲ್ಲಿ ಹೇಳ್ತಾರೆ. ಒಂದು ಲೈವ್ ರೀಲೋಡ್. ಫೈಲ್ ಬದಲಾಯ್ತು ಅಂತ ಡೆವ್ ಸರ್ವರ್‌ಗೆ ಗೊತ್ತಾಗುತ್ತೆ, ಅದು ವೆಬ್‌ಸಾಕೆಟ್ ಮೂಲಕ ಬ್ರೌಸರ್‌ಗೆ ಹೇಳುತ್ತೆ, ಪೇಜು ಪೂರ್ತಿ ಮೊದಲಿಂದ ಲೋಡ್ ಆಗುತ್ತೆ. ನಿಮ್ಮ ಬದಲು ಬೇರೆ ಯಾರೋ ಎಫ್5 ಒತ್ತಿದ ಹಾಗೆ, ಅಷ್ಟೇ. ಇನ್ನೊಂದು ಹಾಟ್ ರೀಲೋಡ್. ಇಲ್ಲಿ ಪೇಜು ಇದ್ದ ಹಾಗೇ ಇರುತ್ತೆ, ತಿದ್ದಿದ ಮಾಡ್ಯೂಲ್ ಒಂದನ್ನೇ ತೆಗೆದು ಆ ಜಾಗಕ್ಕೆ ಹೊಸದನ್ನ ಕೂರಿಸುತ್ತೆ. ಪೇಜಿನ ನೆನಪು, ಅಂದ್ರೆ ಸ್ಟೇಟ್, ಉಳ್ಕೊಳ್ಳುತ್ತೆ. ನೀವು ತುಂಬಿದ ಹೆಸರು, ತೆರೆದಿಟ್ಟ ಮೆನು, ಸರ್ವರಿನಿಂದ ಬಂದ ಪಟ್ಟಿ ಎಲ್ಲ ಅಲ್ಲೇ ಇರುತ್ತೆ.

ಮೊದಲನೇದಕ್ಕೆ ನನ್ನ ನಮಸ್ಕಾರ. ಎರಡನೇದು ನಮಗೆ ದಿನವಿಡೀ ಸುಳ್ಳು ಹೇಳುತ್ತೆ, ನಾವು ಅದನ್ನ ನಂಬಿ ಸೈಟ್ ಬಿಡುಗಡೆ ಮಾಡ್ತೀವಿ ಅನ್ನೋದು ನನ್ನ ತಕರಾರು.

(2/5)

ನನ್ನ ಕತೆಯಿಂದಲೇ ಶುರು ಮಾಡ್ತೀನಿ, ತಪ್ಪು ನಂದೇ.

ಒಂದು ಟ್ರಸ್ಟಿನವರಿಗೆ ವಿದ್ಯಾರ್ಥಿವೇತನದ ಅರ್ಜಿ ಫಾರಂ ಮಾಡಿಕೊಡ್ತಿದ್ದೆ, ರಿಯಾಕ್ಟ್‌ನಲ್ಲಿ. ಅರ್ಜಿಯಲ್ಲಿ ಜಿಲ್ಲೆ ಆರಿಸ್ಬೇಕು, ಆಮೇಲೆ ತಾಲ್ಲೂಕು. ಒಂದು ಎಫೆಕ್ಟ್ ಸರ್ವರಿನಿಂದ ಪಟ್ಟಿ ತರಿಸುತ್ತೆ. ಎರಡನೇ ಎಫೆಕ್ಟ್ ಆ ಪಟ್ಟಿಯನ್ನ ಜಿಲ್ಲಾವಾರು ವಿಂಗಡಿಸಿ ಡ್ರಾಪ್‌ಡೌನ್‌ಗೆ ಕೊಡುತ್ತೆ. ಎರಡನೇದರ ಡಿಪೆಂಡೆನ್ಸಿಯಲ್ಲಿ ಪಟ್ಟಿಯ ಹೆಸರು ಹಾಕೋದು ಮರೆತಿದ್ದೆ, ಬರೀ ಖಾಲಿ ಬ್ರಾಕೆಟ್. ಅಂದ್ರೆ ಪೇಜು ತೆರೆದಾಗ ಅದು ಓಡಿ ಸುಮ್ಮನಾಗುತ್ತೆ, ಆ ಹೊತ್ತಿಗೆ ಪಟ್ಟಿ ಇನ್ನೂ ಬಂದೇ ಇರಲ್ಲ. ಡ್ರಾಪ್‌ಡೌನ್ ಖಾಲಿ.

ನನಗೆ ಖಾಲಿ ಕಾಣಲಿಲ್ವಾ? ಒಂದ್ಸಲ ಕಂಡಿತ್ತು. ಅರ್ಧ ಬರೆದ ಕೋಡಲ್ವಾ, ಸಹಜ ಅಂದ್ಕೊಂಡೆ. ಒಂದು ಸಾಲು ತಿದ್ದಿ ಸೇವ್ ಮಾಡಿದೆ, 31 ಜಿಲ್ಲೆಗಳೂ ಸಾಲಾಗಿ ಬಂದು ನಿಂತ್ವು! ಆಮೇಲೆ ಮೂರು ದಿನ ಬಣ್ಣ, ಅಂಚು, ಬಟನ್ ಅಂತ ತಿದ್ದುತ್ತಾ ಕೂತೆ. ಸೇವ್ ಮಾಡಿದಾಗೆಲ್ಲ ಜಿಲ್ಲೆಗಳು ಅಲ್ಲೇ ಇದ್ವು. ಆ ಟ್ಯಾಬ್ ಮುಚ್ಚಲೇ ಇಲ್ಲ. ಲಿಂಟ್ ಎಚ್ಚರಿಸಿರಬೇಕಲ್ಲ ಅಂತೀರಾ? ಎಚ್ಚರಿಸಿತ್ತು. ಕಣ್ಣೆದುರು ಕೆಲಸ ಮಾಡ್ತಿರೋದನ್ನ ಬಿಟ್ಟು ಹಳದಿ ಗೆರೆ ಯಾರು ನೋಡ್ತಾರೆ.

ಶುಕ್ರವಾರ ಸಂಜೆ ಸೈಟ್ ಬಿಡುಗಡೆಯಾಯ್ತು. ಸೋಮವಾರ ಬೆಳಗ್ಗೆ ಒಂದು ಸೈಬರ್ ಸೆಂಟರ್‌ನಿಂದ ಫೋನು. "ಸಾರ್, ಜಿಲ್ಲೆನೇ ಬರ್ತಿಲ್ಲ. ಇಲ್ಲಿ ಎಂಟು ಮಕ್ಕಳು ಕೂತವ್ರೆ, ಒಬ್ರ ಅಪ್ಪ ಕೂಲಿ ಬಿಟ್ಟು ಬಂದವ್ರೆ." ನಾನು ಏನಂದೆ ಗೊತ್ತಾ? "ನನಗೆ ಬರ್ತಿದೆಯಲ್ಲ, ನಿಮ್ಮ ನೆಟ್ ನೋಡ್ಕೊಳ್ಳಿ." ಆ ಮಾತು ಈಗ ನೆನೆಸಿಕೊಂಡ್ರೂ ಮೈ ಹಿಂಡುತ್ತೆ. ಅವರ ನೆಟ್ ಸರಿಯಾಗೇ ಇತ್ತು. ಟ್ರಸ್ಟಿನವರು ಕೊನೇ ದಿನಾಂಕ ಮುಂದೆ ಹಾಕಿದ್ರು. ಆದ್ರೆ ಆ ದಿನದ ಕೂಲಿ ಮುಂದೆ ಹಾಕೋಕೆ ಯಾರಿಗೂ ಆಗಲಿಲ್ಲ.

(3/5)

ಸೇವ್ ಮಾಡಿದ ತಕ್ಷಣ ಜಿಲ್ಲೆಗಳು ಹೇಗೆ ಬಂದ್ವು? ಇದು ಬಗ್ ಅಲ್ಲ, ರಿಯಾಕ್ಟ್‌ನ ಫಾಸ್ಟ್ ರಿಫ್ರೆಶ್ ಇರೋದೇ ಹೀಗೆ. ಸೇವ್ ಮಾಡಿದಾಗ ಯೂಸ್‌ಸ್ಟೇಟ್‌ನಲ್ಲಿರೋದನ್ನ ಉಳಿಸ್ಕೊಳ್ಳುತ್ತೆ, ಆದ್ರೆ ಎಫೆಕ್ಟ್‌ಗಳನ್ನ ಮತ್ತೆ ಓಡಿಸುತ್ತೆ, ಡಿಪೆಂಡೆನ್ಸಿಯಲ್ಲಿ ಏನೇ ಬರೆದಿದ್ರೂ ಸರಿ. ಹಾಗಾಗಿ ಹಿಂದೆ ಬಂದು ಕೂತಿದ್ದ ಪಟ್ಟಿ, ಈಗ ಹೊಸದಾಗಿ ಓಡಿದ ಎಫೆಕ್ಟು, ಎರಡೂ ಸೇರಿ ನಿಜವಾದ ಬಳಕೆದಾರನಿಗೆ ಯಾವತ್ತೂ ಸಿಗದ ಒಂದು ಪೇಜು ನನ್ನ ಮುಂದೆ ತಯಾರಾಯ್ತು. ಈ ನಡವಳಿಕೆ ಅದರ ದಾಖಲೆಯಲ್ಲೇ ಇದೆ. ಓದಿರಲಿಲ್ಲ, ಅಷ್ಟೇ.

ಇದನ್ನ ಕಟ್ಟಿದವರನ್ನ ದೂರ್ತಿಲ್ಲ. 2012ರಲ್ಲಿ ಬ್ರೆಟ್ ವಿಕ್ಟರ್ ಮಾಂಟ್ರಿಯಲ್‌ನಲ್ಲಿ ಒಂದು ಭಾಷಣ ಮಾಡಿದ್ರು, ಏನನ್ನಾದ್ರೂ ಸೃಷ್ಟಿಸೋರಿಗೆ ತಾವು ಮಾಡಿದ್ದು ಆ ಕ್ಷಣವೇ ಕಾಣಬೇಕು ಅಂತ. ಅದನ್ನ ನೋಡಿದ ಮೇಲೆ ಸುಮ್ಮನೆ ಕೂರೋಕಾಗಲ್ಲ. 2014ರಲ್ಲಿ ಡ್ಯಾನ್ ಅಬ್ರಮೋವ್ ರಿಯಾಕ್ಟ್ ಹಾಟ್ ಲೋಡರ್ ಮಾಡಿದ್ರು, ಮರುವರ್ಷ ಪ್ಯಾರಿಸ್‌ನ ರಿಯಾಕ್ಟ್ ಯೂರೋಪ್‌ನಲ್ಲಿ ಅವರು ತೋರಿಸಿದ ಡೆಮೊ ಎಲ್ಲರ ಬಾಯಲ್ಲಿತ್ತು. 2019ರಲ್ಲಿ ಫಾಸ್ಟ್ ರಿಫ್ರೆಶ್ ಬಂತು. 2020ರಲ್ಲಿ ಇವಾನ್ ಯು ಅವರ ವೀಟ್ ಬಂದ ಮೇಲಂತೂ ಇದೆಲ್ಲ ಹೇಳದೆ ಕೇಳದೆ ಸಿಗೋ ಹಾಗಾಯ್ತು. ಎಲ್ಲ ಜಾಣರ ಕೆಲಸ. ನನ್ನ ಸಿಟ್ಟು ಇರೋದು ಇದನ್ನ ಕಲಿಸೋ ರೀತಿಯ ಮೇಲೆ. ಮೊದಲ ಕ್ಲಾಸಿನಲ್ಲೇ "ನೋಡಿ, ಸೇವ್ ಮಾಡಿದ್ರೆ ಮ್ಯಾಜಿಕ್" ಅಂತಾರೆ. ಆ ಮ್ಯಾಜಿಕ್‌ನಲ್ಲಿ ಏನು ಉಳೀತು, ಏನು ಮತ್ತೆ ಓಡ್ತು ಅಂತ ಕೊನೇ ಕ್ಲಾಸಿನವರೆಗೂ ಯಾರೂ ಹೇಳಲ್ಲ.

(4/5)

ಈಗ ನಿಮ್ಮ ಬಾಯಲ್ಲಿರೋ ಪ್ರಶ್ನೆಗೆ ಬರೋಣ. "ನನ್ನ ಫಾರಂನಲ್ಲಿ ಐದು ಹಂತ ಇದೆ ಮಾರಾಯ್ರೇ. ಐದನೇ ಹಂತದ ಒಂದು ಬಟನ್ ತಿದ್ದೋಕೆ ಪ್ರತೀ ಸಲ ಮೊದಲಿಂದ ಹೆಸರು, ವಿಳಾಸ, ಬ್ಯಾಂಕ್ ಖಾತೆ ತುಂಬ್ಲಾ?"

ತುಂಬಿ. ಎರಡು ಸಲ ತುಂಬಿ ನೋಡಿ. ಆ ಬೇಜಾರಿದೆಯಲ್ಲ, ಅದು ನಿಮ್ಮೊಬ್ಬರದಲ್ಲ, ನಿಮ್ಮ ಬಳಕೆದಾರರದ್ದೂ ಹೌದು.

ಹೇಗೆ ಅಂತ ಹೇಳ್ತೀನಿ. ಕಮ್ಮಿ ರ್‍ಯಾಮ್ ಇರೋ ಆಂಡ್ರಾಯ್ಡ್ ಫೋನಲ್ಲಿ ಒಬ್ಬಳು ನಿಮ್ಮ ಫಾರಂ ತುಂಬ್ತಿದ್ದಾಳೆ. ನಾಲ್ಕನೇ ಹಂತದಲ್ಲಿ ನೀವು ಒಟಿಪಿ ಕೇಳ್ತೀರಿ. ಅವಳು ಬ್ರೌಸರ್ ಬಿಟ್ಟು ಮೆಸೇಜ್ ನೋಡೋಕೆ ಹೋಗ್ತಾಳೆ. ಅಷ್ಟರಲ್ಲಿ ಫೋನು ಜಾಗ ಸಾಲದೆ ಹಿಂದಿದ್ದ ಟ್ಯಾಬನ್ನ ಮೆಮೊರಿಯಿಂದ ಕಿತ್ತು ಹಾಕುತ್ತೆ. ವಾಪಸ್ ಬಂದ್ರೆ ಪೇಜು ಮೊದಲಿಂದ ಲೋಡ್ ಆಗ್ತಿರುತ್ತೆ. ಹಂತ ಒಂದು, ಖಾಲಿ ಹೆಸರು. ಕೈಯಲ್ಲಿ ಒಟಿಪಿ ಇದೆ, ಹಾಕೋಕೆ ಜಾಗ ಇಲ್ಲ. ಮತ್ತೆ ತುಂಬ್ತಾಳೆ, ಮತ್ತೆ ಒಟಿಪಿ, ಮತ್ತೆ ಹಂತ ಒಂದು. ಮೂರನೇ ಸಲಕ್ಕೆ ಅವಳು "ನನಗೆ ಇದೆಲ್ಲ ಬರಲ್ಲ" ಅಂತ ಫೋನ್ ಕೆಳಗಿಡ್ತಾಳೆ. ಬರದೆ ಇರೋದು ಅವಳಿಗಲ್ಲ.

ನಿಮ್ಮ ಹತ್ರ ಲೈವ್ ರೀಲೋಡ್ ಮಾತ್ರ ಇದ್ದಿದ್ರೆ ಈ ತೊಂದರೆ ನಿಮಗೆ ಮೊದಲ ದಿನ ಮಧ್ಯಾಹ್ನದೊಳಗೆ ಹತ್ತು ಸಲ ಆಗಿರೋದು. ತಡೀಲಾರದೆ ಹಂತದ ಸಂಖ್ಯೆಯನ್ನ ಯುಆರ್‌ಎಲ್‌ಗೆ ಹಾಕಿರ್ತಿದ್ರಿ, ತುಂಬಿದ್ದನ್ನ ಸೆಶನ್ ಸ್ಟೋರೇಜ್‌ನಲ್ಲಿ ಇಟ್ಟಿರ್ತಿದ್ರಿ, ಅಥವಾ ಪ್ರತೀ ಹಂತಕ್ಕೂ ಸರ್ವರ್‌ಗೆ ಡ್ರಾಫ್ಟ್ ಕಳಿಸ್ತಿದ್ರಿ. (ಲೋಕಲ್ ಸ್ಟೋರೇಜ್‌ನಲ್ಲಿ ಮಾತ್ರ ಬೇಡ. ಸೈಬರ್ ಸೆಂಟರ್‌ನ ಒಂದೇ ಕಂಪ್ಯೂಟರ್‌ನಲ್ಲಿ ಊರಿನವರೆಲ್ಲ ಅರ್ಜಿ ಹಾಕ್ತಾರೆ. ಒಬ್ಬರ ಆಧಾರ್ ನಂಬರ್ ಮುಂದಿನವರಿಗೆ ಕಾಣಬಾರದು.) ಹಾಟ್ ರೀಲೋಡ್ ಆ ನೋವನ್ನ ನಿಮಗೆ ಮಾತ್ರ ಮರೆಮಾಡ್ತು, ಅವಳಿಗೆ ಹಾಗೇ ಬಿಡ್ತು.

(5/5)

ಒಂದು ವಿನಾಯಿತಿ ಕೊಡ್ತೀನಿ: ಸಿಎಸ್‌ಎಸ್. ಅದಕ್ಕೆ ಈ ಥರದ ನೆನಪಿಲ್ಲ, ಹಾಗಾಗಿ ಪೇಜು ಮುಟ್ಟದೆ ಸ್ಟೈಲ್ ಮಾತ್ರ ಬದಲಾಯಿಸಿದ್ರೆ ಮೋಸ ಕಮ್ಮಿ. ಕನ್ನಡದಲ್ಲಿ ಕೆಲಸ ಮಾಡೋರಿಗೆ ಇದು ವರವೇ. ಸಾಲಿನ ಎತ್ತರ 1.4 ಇಟ್ರೆ "ರಾಷ್ಟ್ರೀಯ"ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಾ, 1.7 ಇಟ್ರೆ ಸಡಿಲ ಆಯ್ತಾ ಅಂತ ನೋಡ್ತಾ ನೋಡ್ತಾ ತಿದ್ದಬಹುದು. ಅದರಲ್ಲೂ ಫಾಂಟ್ ನಿಮ್ಮ ಮಷೀನ್‌ನಲ್ಲಿ ಆಗಲೇ ಬಂದು ಕೂತಿರುತ್ತೆ ಅನ್ನೋದು ನೆನಪಿರಲಿ. ಮೊದಲ ಸಲ ತೆರೆದೋರಿಗೆ ಕೆಲಹೊತ್ತು ಬೇರೆ ಫಾಂಟ್ ಕಾಣುತ್ತೆ, ಆಮೇಲೆ ಸಾಲುಗಳೆಲ್ಲ ಎಗರಿ ಬೀಳ್ತವೆ.

ಉಳಿದಿದ್ದಕ್ಕೆಲ್ಲ ನಾನೀಗ ಪೂರ್ತಿ ರೀಲೋಡೇ ಇಟ್ಟಿದ್ದೀನಿ. ವೀಟ್‌ನಲ್ಲಿ ಎಚ್‌ಎಂಆರ್ ಆಫ್ ಮಾಡಿದ್ರೆ ತಾನಾಗೇ ರಿಫ್ರೆಶ್ ಆಗೋದೂ ನಿಂತುಹೋಗುತ್ತೆ, ಅದು ಬೇಡ. ಫೈಲ್ ಬದಲಾದಾಗ ಫುಲ್ ರೀಲೋಡ್ ಸಂದೇಶ ಕಳಿಸೋ ನಾಲ್ಕೈದು ಸಾಲಿನ ಪ್ಲಗಿನ್ ಬರ್ಕೊಳ್ಳಿ, ಸಾಕು. ಬರೀ ಎಚ್‌ಟಿಎಂಎಲ್ ಸೈಟಾದ್ರೆ ವಿಎಸ್ ಕೋಡ್‌ನ ಲೈವ್ ಸರ್ವರ್ ಎಕ್ಸ್‌ಟೆನ್ಶನ್ ಇದ್ದೇ ಇದೆ. ಆಫೀಸಿನ ಪ್ರಾಜೆಕ್ಟಿನಲ್ಲಿ ಕಾನ್ಫಿಗ್ ಮುಟ್ಟೋಕೆ ಬಿಡಲ್ಲ ಅಂದ್ರೆ, ಕೆಲಸ ಮುಗೀತು ಅಂತ ಹೇಳೋ ಮೊದಲು ಬಿಲ್ಡ್ ಮಾಡಿ, ಪ್ರಿವ್ಯೂ ಓಡಿಸಿ, ಹೊಸ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ನೆಟ್‌ವರ್ಕ್ ಟ್ಯಾಬಲ್ಲಿ 3ಜಿ ಇಟ್ಟು ತೆರೀರಿ. ಡೆವ್ ಸರ್ವರ್ ಮಾಡ್ಯೂಲ್‌ಗಳನ್ನ ಬಿಡಿಬಿಡಿಯಾಗಿ ಕೊಡುತ್ತೆ, ಬಿಲ್ಡ್ ಒಟ್ಟು ಕಟ್ಟಿ ಕೊಡುತ್ತೆ, ಎರಡೂ ಒಂದೇ ಅಲ್ಲ.

ನಿಮ್ಮ ಲೋಕಲ್‌ಹೋಸ್ಟ್ ಟ್ಯಾಬ್ ತೆರೆದು ಎಷ್ಟು ದಿನ ಆಯ್ತು? ಈಗ್ಲೇ ಮುಚ್ಚಿ ಮತ್ತೆ ತೆರೀರಿ. ಏನು ಮುರೀತು ಅಂತ ಕೆಳಗೆ ಬರೀರಿ, ನಾಚ್ಕೋಬೇಡಿ, ನಂದು ಹೇಳಿ ಆಗಿದೆ.