ಲಾರಿನೂ ಹತ್ತು ಸೆಂಟಿಮೀಟರು, ಕಾರೂ ಹತ್ತು ಸೆಂಟಿಮೀಟರು

ಗುಬ್ಬಿ ಜಾತ್ರೇಲಿ ನನ್ ಮಗಳಿಗೆ ಒಂದು ಲಾರಿ ಕೊಡ್ಸಿದ್ದೆ. ಬಿಡಿಸಿದ್ರೆ ರೋಬೋಟ್, ಮಡಿಚಿದ್ರೆ ಲಾರಿ. ರಜಕ್ಕೆ ಕುಣಿಗಲ್‌ಗೆ ಅಣ್ಣನ ಮನೆಗೆ ಹೋದಾಗ ಅದನ್ನೂ ಹೊತ್ಕೊಂಡು ಬಂದ್ಲು. ಅಣ್ಣನ ಮಗನ ಹತ್ರ ಅಂಥದ್ದೇ ಕಾರು ಐತೆ. ಎರಡನ್ನೂ ಪಕ್ಕಪಕ್ಕ ಇಟ್ಟು, "ಲಾರಿ ಕಾರಿನಷ್ಟೇ ಇರ್ತದಾ? ನಿಂದು ಡೂಪ್ಲಿಕೇಟು, ಆಟಕ್ಕೆ ಬರ್ಬೇಡ" ಅಂದ. ಇವಳು ಗೋಳೋ ಅಂತ ಅತ್ಲು. ಅಮ್ಮ ಒಳಗಿಂದ್ಲೇ, "ಹೆಣ್ಣುಡ್ಗಿಗೆ ಲಾರಿ ಯಾಕೆ ಬೇಕಿತ್ತು, ಅಡ್ಗೆ ಸೆಟ್ಟು ಕೊಡ್ಸಬಾರ್ದಾ" ಅಂತು. ಅಮ್ಮಾ, ನೀನೂ ಇದನ್ನ ಓದ್ತೀಯ ಅಂತ ಗೊತ್ತು, ಬೇಜಾರು ಮಾಡ್ಕೋಬೇಡ.

ನಾನು ಬೈಲಿಲ್ಲ. ಅತ್ತಿಗೆ ಹೊಲಿಗೆ ಮಿಷನ್ನಿನ ಡ್ರಾಯರ್‌ನಿಂದ ಟೇಪ್ ತಂದು ಮಗಳ ಕೈಗೆ ಕೊಟ್ಟೆ. ಎರಡೂ ಆಟಿಕೆ 10 ಸೆಂಟಿಮೀಟರ್ ಉದ್ದ. ನಿಜವಾದ ಕಾರು ಸುಮಾರು 4 ಮೀಟರ್, ಅಂದ್ರೆ 400 ಸೆಂಟಿಮೀಟರ್. ಹತ್ತರಿಂದ ಭಾಗಿಸಿದ್ರೆ 40. ಅದೇ ಸ್ಕೇಲು, ಒಂದಕ್ಕೆ ನಲವತ್ತು. ಲಾರಿ 8 ಮೀಟರ್ ಅಂತ ಇಟ್ಕೊಳಿ, ಒಂದಕ್ಕೆ ಎಂಬತ್ತು ಆಯ್ತು. ಇವಳ ಲಾರಿ ಡೂಪ್ಲಿಕೇಟೂ ಅಲ್ಲ, ಸಣ್ಣದೂ ಅಲ್ಲ. ಸ್ಕೇಲ್ ಬೇರೆ, ಅಷ್ಟೆಯ. ಆ ಕಾರಿಗೆ ಸರಿಜೋಡಿ ಲಾರಿ ಬೇಕು ಅಂದ್ರೆ 20 ಸೆಂಟಿಮೀಟರ್ ಇರ್ಬೇಕು, ಅದಕ್ಕೆ ಇನ್ನೂ ಎಷ್ಟು ದುಡ್ಡೋ!

ಚಕ್ರ ಅಳೆದೂ ನೋಡ್ಬೋದು. ಕಾರಿನ ಟೈರು ಎತ್ತರ ಸುಮಾರು 60 ಸೆಂಟಿಮೀಟರ್, ಆಟಿಕೇದು ಒಂದೂವರೆ ಇದ್ರೆ ಮತ್ತೆ ನಲವತ್ತೇ. ಆದ್ರೆ ಹಟ ಹಿಡೀಬೇಡಿ. ಕೈಕಾಲು ಒಳಗೆ ಮಡಚ್ಬೇಕಲ್ಲ, ಅದಕ್ಕೆ ಅಗಲ, ಎತ್ತರ ಒಂಚೂರು ಹಿಗ್ಗುಮುಗ್ಗು ಆಗಿರ್ತವೆ. ಉದ್ದ ಒಂದನ್ನ ಹಿಡ್ಕೊಂಡ್ರೆ ಸಾಕು. ರೋಬೋಟ್ ಆದ್ಮೇಲಂತೂ ಅಳೆಯೋದೇ ಬೇಡ, ಹೋಲಿಸೋಕೆ ಅಂಥದ್ದೊಂದು ನಿಜವಾದ್ದು ಲೋಕದಲ್ಲೇ ಇಲ್ಲ.

ಈ ಗೊಂದಲ ಇವತ್ತಿಂದಲ್ಲ ಕಣ್ರೀ. 1984ರಲ್ಲಿ ಅಮೆರಿಕದ ಹ್ಯಾಸ್ಬ್ರೋ ಕಂಪ್ನಿ ಟ್ರಾನ್ಸ್‌ಫಾರ್ಮರ್ಸ್ ಅಂತ ಮಾರೋಕೆ ಶುರು ಮಾಡಿದಾಗ, ಜಪಾನಿನ ಟಕಾರಾದ ಎರಡು ಬೇರೆ ಬೇರೆ ಸಾಲಿನ ಆಟಿಕೆಗಳನ್ನ ಒಂದೇ ಹೆಸರಲ್ಲಿ ಸೇರಿಸಿದ್ರು. ಡಯಾಕ್ಲೋನ್ ಸಾಲಲ್ಲಿ ಒಳಗೆ ಪುಟ್ಟ ಡ್ರೈವರ್ ಕೂರೋ ಕಾರು, ಲಾರಿ. ಆಪ್ಟಿಮಸ್ ಪ್ರೈಮ್ ಬಂದಿದ್ದು ಅಲ್ಲಿಂದ. ಮೈಕ್ರೋ ಚೇಂಜ್ ಸಾಲಲ್ಲಿ ಮನೇಲಿರೋ ಸಾಮಾನೇ ರೋಬೋಟ್ ಆಗೋದು: ಕ್ಯಾಸೆಟ್ಟು, ಪಿಸ್ತೂಲು, ಪುಟಾಣಿ ಆಟದ ಕಾರು. ಬಂಬಲ್‌ಬೀ ಈ ಕಡೆಯೋನು. ಎರಡು ಮನೆ ಪಾತ್ರೆ ಒಂದೇ ಅಡ್ಗೆಮನೆಗೆ ಬಂದ್ರೆ ಮುಚ್ಚಳ ಎಲ್ಲಿ ಕೂರ್ತದೆ, ಹೇಳಿ?

ನನ್ ಅಭಿಪ್ರಾಯ ಇಷ್ಟೇ. ಮಕ್ಳು ಇಂಥ ಜಗಳ ಆಡ್ದಾಗ "ಬಾಯ್ಮುಚ್ಚು" ಅನ್ಬೇಡಿ, ಹೊಸದು ತರೋಕೂ ಓಡ್ಬೇಡಿ. ಟೇಪ್ ಕೊಡಿ. ಹೆಣ್ಮಕ್ಳ ಕೈಗೆ ಮೊದ್ಲು ಕೊಡಿ. ರವಿಕೆ ಅಳತೆ, ಅಕ್ಕಿ ಅಳತೆ ಎಲ್ಲಾ ನಮ್ ಕೈಲೇ ಇದ್ರೂ "ನಿಂಗೆ ಲೆಕ್ಕ ಬರಲ್ಲ" ಅನ್ನಿಸ್ಕೊಂಡು ಬೆಳೆದೋರು ನಾವು. ಅಲ್ಲೇ ಗುಬ್ಬಿ ತಾಲ್ಲೂಕಲ್ಲಿ 2023ರಲ್ಲಿ ಹೆಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತು. ನಾಳೆ ಅಲ್ಲಿ ಅಳತೆ ಹಿಡಿಯೋರು ನಮ್ಮನೆ ಹುಡ್ಗೀರೂ ಆಗ್ಲಿ.

ಸಂಜೆ ಹೊತ್ತಿಗೆ ಅಣ್ಣನ ಮಗ ತಾನೇ ಟೇಪ್ ಇಸ್ಕೊಂಡು ಅಂಗಳದಲ್ಲಿದ್ದ ಸ್ಕೂಟರ್ ಅಳೀತಿದ್ದ. ನನ್ ಮಗಳು ಪಕ್ಕದಲ್ಲಿ ಕೂತು ಭಾಗಾಕಾರ ಮಾಡ್ತಿದ್ಲು.