'ಗೇಲಾ' ಅನ್ನುವ ಮುಂಚೆ

ಸೆಂಟ್ರಲ್ ಲೈನಿನಲ್ಲಿ ದಿನಾ ಓಡಾಡುವವರಿಗೆ ಈ ಮಾತು ಗೊತ್ತು. ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ, ಬಾಗಿಲಲ್ಲಿ ನೇತಾಡುತ್ತಿದ್ದವರು ಬಗ್ಗಿ ನೋಡುತ್ತಾರೆ, ಯಾರೋ ಒಬ್ಬ ಹೇಳುತ್ತಾನೆ, "ಗೇಲಾ". ಹೋದ ಅಂತ. ಒಳಗಿದ್ದವರು ವಾಚು ನೋಡಿಕೊಳ್ಳುತ್ತಾರೆ, ಆಫೀಸಿಗೆ ಲೇಟಾಯಿತಲ್ಲ ಅಂತ. ನಾನೂ ನೋಡಿಕೊಂಡಿದ್ದೇನೆ, ಸುಳ್ಳು ಯಾಕೆ ಹೇಳಲಿ?

ಎಷ್ಟೋ ವರ್ಷಗಳ ಹಿಂದೆ ಒಂದು ಸ್ಟೇಷನ್ನಿನಲ್ಲಿ (ಹೆಸರು ಬೇಡ ಬಿಡಿ) ಗಾಡಿಯಿಂದ ಬಿದ್ದ ಹುಡುಗನೊಬ್ಬನನ್ನು ಪ್ಲಾಟ್‌ಫಾರ್ಮಿಗೆ ಎತ್ತಿ ಮಲಗಿಸಿದ್ದರು. ಮೊಣಕಾಲಿನ ಮೇಲೆ ಜಜ್ಜಿಹೋಗಿತ್ತು. ಒಬ್ಬರು ಬಾಯಿಗೆ ನೀರು ಹಾಕಿದರು, ಇನ್ನೊಬ್ಬರು ಕೈ ಹಿಡಿದು ನೋಡಿ "ನಾಡಿ ಸಿಗ್ತಿಲ್ಲ, ಗೇಲಾ" ಅಂದರು. ಸುತ್ತ ಐವತ್ತು ಜನ ಇದ್ದೆವು. ಆ ಕಾಲನ್ನು ಒತ್ತಿ ಹಿಡಿದವರು ಒಬ್ಬರೂ ಇಲ್ಲ. ಕಾಗದ ಬರೆದು ಮುಗಿಸಿ ಸ್ಟ್ರೆಚರ್ ಬಂತು. ಹುಡುಗ ಉಳಿದನೋ ಇಲ್ಲವೋ ಗೊತ್ತಾಗಲಿಲ್ಲ, ನಾನು ಮುಂದಿನ ಗಾಡಿ ಹತ್ತಿಬಿಟ್ಟೆ.

ಅದು ಮತ್ತೆ ನೆನಪಾದದ್ದು 2025ರ ಜೂನ್ 9ರಂದು. ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ ಎದುರು ಬದುರು ಬಂದ ಎರಡು ಲೋಕಲ್‌ಗಳ ಬಾಗಿಲಲ್ಲಿ ನಿಂತವರು ಒಬ್ಬರಿಗೊಬ್ಬರು ತಗುಲಿ ಹಳಿಗೆ ಬಿದ್ದರು. ನಾಲ್ಕು ಜನ ಅದೇ ದಿನ ತೀರಿಕೊಂಡರು. ಹೊಸ ಗಾಡಿಗಳಿಗೆ ತಾನಾಗಿಯೇ ಮುಚ್ಚುವ ಬಾಗಿಲು ಬರುತ್ತದೆ, ಹಳೆಯವಕ್ಕೂ ಹಾಕುತ್ತೇವೆ ಅಂತ ರೈಲ್ವೆ ಆ ದಿನವೇ ಹೇಳಿತು. ಒಳ್ಳೆಯದೇ. ಆದರೆ ಬಿದ್ದ ಮೇಲೆ ಏನು? ಅದನ್ನು ಕೇಳಿದವರು ಕಡಿಮೆ.

ನನ್ನ ತಕರಾರು ಇಷ್ಟೇ: ನಾವು ತೀರಾ ಬೇಗ 'ಗೇಲಾ' ಅನ್ನುತ್ತೇವೆ.

ಪೆಟ್ಟು ಬಿದ್ದು ಹೃದಯ ನಿಂತರೆ ಮತ್ತೆ ಏಳುವುದಿಲ್ಲ ಅಂತ ಬಹಳ ಕಾಲ ಡಾಕ್ಟರುಗಳೂ ನಂಬಿದ್ದರು. ಈಗಲೂ ಅಂಥ ನೂರು ಜನರಲ್ಲಿ ಹತ್ತು ಜನ ಉಳಿಯುವುದೂ ಕಷ್ಟ, ನಿಜ. ಆದರೆ ಯಾರು ಉಳಿಯುತ್ತಾರೆ ಅನ್ನುವುದು ಬರೀ ಹಣೆಬರಹವಲ್ಲ. ಹಾರ್ಟ್ ಅಟ್ಯಾಕಿನಲ್ಲಿ ಕೆಟ್ಟಿರುವುದು ಹೃದಯವೇ. ಅಪಘಾತದಲ್ಲಿ ಹಾಗಲ್ಲ, ಹೆಚ್ಚಿನ ಸಲ ಹೃದಯ ಗಟ್ಟಿಯಾಗೇ ಇರುತ್ತದೆ, ಪಂಪು ಮಾಡಲು ರಕ್ತ ಇರುವುದಿಲ್ಲ! ಟ್ಯಾಂಕಿ ಖಾಲಿಯಾದ ಮೇಲೆ ಮೋಟಾರು ಎಷ್ಟು ತಿರುಗಿಸಿದರೇನು? ದೊಡ್ಡವರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುವಷ್ಟು ಹರಿದುಹೋಗುತ್ತದೆ.

ಹೀಗೆ ಹೃದಯ ನಿಲ್ಲುವುದಕ್ಕೆ ಸರಿಪಡಿಸಬಹುದಾದ ಕಾರಣಗಳು ಮುಖ್ಯವಾಗಿ ನಾಲ್ಕು. ರಕ್ತ ಹೋಗುವುದು. ನಾಲಿಗೆಯೋ ರಕ್ತವೋ ಅಡ್ಡ ಬಂದು ಉಸಿರು ಕಟ್ಟುವುದು. ಶ್ವಾಸಕೋಶ ಹರಿದು ಎದೆಗೂಡಿನಲ್ಲಿ ಗಾಳಿ ತುಂಬಿ ಒತ್ತುವುದು. ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ ಅದನ್ನು ಅಮುಕುವುದು. ಕೊನೆಯ ಎರಡಕ್ಕೆ ಡಾಕ್ಟರೇ ಬೇಕು. ಮೊದಲ ಎರಡರಲ್ಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತ ನಾನು ನೀವು ಏನಾದರೂ ಮಾಡಬಹುದು.

ಉಳಿಯುವವರು ಯಾರು ಅಂತ ನೋಡಿದರೆ ಲೆಕ್ಕ ಹೆಚ್ಚುಕಡಿಮೆ ಹೀಗಿದೆ. ಹೃದಯ ನಿಂತದ್ದನ್ನು ಯಾರಾದರೂ ಕಣ್ಣಾರೆ ಕಂಡು ತಕ್ಷಣ ಕೈಹಾಕಿದ್ದರೆ ಆಸೆ ಹೆಚ್ಚು. ಚೂರಿಯಂಥದು ಚುಚ್ಚಿದ ಗಾಯದಲ್ಲಿ, ಮೈಯೆಲ್ಲ ಜಜ್ಜಿದ ಪೆಟ್ಟಿಗಿಂತ ಆಸೆ ಹೆಚ್ಚು. ಕೈಗೆ ನಾಡಿ ಸಿಗದಿದ್ದರೂ ಒಳಗೆ ಹೃದಯ ಸಣ್ಣಗೆ ಮಿಡಿಯುತ್ತಿದ್ದರೆ ಆಸೆ ಹೆಚ್ಚು, ಮತ್ತು ಇದು ನಮಗೆ ಹೊರಗಿನಿಂದ ತಿಳಿಯುವುದೇ ಇಲ್ಲ! ಎಲ್ಲಕ್ಕಿಂತ ಮೇಲೆ ಸಮಯ. ಲಂಡನ್ನಿನ ಏರ್ ಆಂಬುಲೆನ್ಸ್ ಡಾಕ್ಟರುಗಳು ಚೂರಿ ಇರಿತದಿಂದ ಹೃದಯ ನಿಂತವರ ಎದೆಯನ್ನು ಬಿದ್ದ ಜಾಗದಲ್ಲೇ ತೆರೆದು ನೋಡಿದರು. 2011ರಲ್ಲಿ ಪ್ರಕಟವಾದ ಅವರ ಹದಿನೈದು ವರ್ಷದ ಲೆಕ್ಕದಲ್ಲಿ 71 ಜನರಲ್ಲಿ 13 ಜನ ಬದುಕಿದ್ದಾರೆ. ನಮ್ಮ ಗುಂಪಿನಲ್ಲಾದರೆ ಆ ಹದಿಮೂರು ಜನವೂ 'ಗೇಲಾ'!

ಲಂಡನ್ ಇಲ್ಲಿ ಬರುವುದಿಲ್ಲ, ಗೊತ್ತು. ಕಳವಾದಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ ಇದೆ, ಕಲ್ಯಾಣದಲ್ಲಿ ರುಕ್ಮಿಣಿಬಾಯಿ ಇದೆ, ದೊಡ್ಡ ಆಪರೇಷನ್ ಅಂದರೆ ಸಾಯನ್ ನೆನಪಾಗುತ್ತದೆ. ಡೊಂಬಿವಲಿಯಿಂದ ಸಾಯನ್‌ಗೆ ಮೂವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ, ನಡುವೆ ಟ್ರಾಫಿಕ್ಕು. ರಕ್ತ ಆ ದಾರಿಯುದ್ದಕ್ಕೂ ಕಾಯುವುದಿಲ್ಲ. ಮಹಾರಾಷ್ಟ್ರದಲ್ಲಿ 108 ಆಂಬುಲೆನ್ಸ್ 2014ರಿಂದ ಇದೆ, ಆದರೆ ಅದು ಬರುವ ತನಕದ ನಿಮಿಷಗಳು ನಮ್ಮವೇ.

ಹಾಗಾದರೆ ಏನು ಮಾಡಬೇಕು? ಮೊದಲು ಗಾಡಿ ಬರುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಹಳಿಗೆ ಹಾರಬೇಡಿ. 108ಕ್ಕೋ, ರೈಲ್ವೆಯ 139ಕ್ಕೋ ಒಬ್ಬರು ಫೋನು ಮಾಡಲಿ. ಇನ್ನೊಬ್ಬರು ರಕ್ತ ಚಿಮ್ಮುವ ಜಾಗಕ್ಕೆ ದುಪಟ್ಟಾನೋ ಶರ್ಟೋ ಇಟ್ಟು ಮೈಭಾರವೆಲ್ಲ ಹಾಕಿ ಒತ್ತಲಿ, ಮತ್ತೆ ಮತ್ತೆ ತೆಗೆದು ನೋಡಬಾರದು. ಕೈಕಾಲು ತುಂಡಾಗಿದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲು ಬಿಟ್ಟು, ಅಗಲ ಬಟ್ಟೆ ಕಟ್ಟಿ, ಅದಕ್ಕೊಂದು ಗಟ್ಟಿ ಕೋಲು ಸಿಕ್ಕಿಸಿ ರಕ್ತ ನಿಲ್ಲುವ ತನಕ ತಿರುಚಬೇಕು. ಕಟ್ಟಿದ ಗಂಟೆ ಬರೆದಿಡಿ, ಬಿಚ್ಚಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಲೇಬೇಡಿ, ಉಸಿರಿನ ದಾರಿ ತೆರೆದಿಡಿ. ಉಸಿರೇ ಇಲ್ಲದಿದ್ದರೆ ಎದೆ ಒತ್ತುವುದನ್ನೂ ಶುರು ಮಾಡಿ, ಆದರೆ ಹರಿಯುವ ರಕ್ತವನ್ನು ಹಾಗೇ ಬಿಟ್ಟು ಬರೀ ಎದೆ ಒತ್ತಿದರೆ ಉಪಯೋಗವಿಲ್ಲ.

"ಪೊಲೀಸ್ ಲಫಡಾ ಯಾರಿಗೆ ಬೇಕು ಮಾರಾಯ್ರೆ?" ಅಂತ ನೀವು ಕೇಳುತ್ತೀರಿ. ಊರಿನ ಒಂದು ಮಾತು ಹೇಳುತ್ತೇನೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿ ಹರಿದು ದೇಹವೇ ಎರಡಾದ ಹರೀಶ್ ಎಂಬ ಯುವಕ ಪ್ರಾಣ ಹೋಗುವ ಮುಂಚೆ ಅಂಗದಾನ ಮಾಡಿ ಅಂತ ಕೇಳಿಕೊಂಡ. ಅವನ ಹೆಸರಲ್ಲೇ ಕರ್ನಾಟಕ ಸರ್ಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ, 25,000 ರೂಪಾಯಿ ತನಕ ಉಚಿತ ಚಿಕಿತ್ಸೆಯ ಯೋಜನೆ ತಂದಿತು. ಅದೇ ವರ್ಷ ಮಾರ್ಚಿನಲ್ಲಿ ಸಹಾಯಕ್ಕೆ ಬಂದವರನ್ನು ಪೀಡಿಸಬಾರದು ಅಂತ ಸುಪ್ರೀಂ ಕೋರ್ಟು ಹೇಳಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯಲ್ಲೂ ಅದು ಸೇರಿತು. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದವರಿಗೆ ಏಳು ದಿನ, ಒಂದೂವರೆ ಲಕ್ಷದ ತನಕ ನಗದಿಲ್ಲದೆ ಚಿಕಿತ್ಸೆ ಇದೆ.

ಗಮನಿಸಿ, ಎಲ್ಲ ರಸ್ತೆಗೇ! ಘೋಡಬಂದರ್ ರೋಡಿನಲ್ಲಿ ಬೈಕಿನಿಂದ ಬಿದ್ದರೆ ಒಂದು ಲೆಕ್ಕ, ಮುಂಬ್ರಾ ತಿರುವಿನಲ್ಲಿ ಲೋಕಲ್‌ನಿಂದ ಬಿದ್ದರೆ ಇನ್ನೊಂದು. ರೈಲಿನಿಂದ ಬಿದ್ದು ಸತ್ತರೆ 8 ಲಕ್ಷ ಪರಿಹಾರದ ದಾರಿ ಕಾನೂನಿನಲ್ಲಿದೆ. ಸಾಯದಂತೆ ನೋಡಿಕೊಳ್ಳುವ ಮೊದಲ ಹತ್ತು ನಿಮಿಷಕ್ಕೆ ಏನಿದೆ? ಪ್ರತಿ ಪ್ಲಾಟ್‌ಫಾರ್ಮಿನಲ್ಲೂ ರಕ್ತ ನಿಲ್ಲಿಸುವ ಪಟ್ಟಿ, ಅದನ್ನು ಕಟ್ಟಲು ಬರುವ ಹಮಾಲರು, ಹೋಮ್‌ಗಾರ್ಡುಗಳು. ಇಷ್ಟು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ರೈಲ್ವೆಯನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಥಾಣೆಯಿಂದ ಕಲ್ಯಾಣದ ತನಕ, ಆ ಕಡೆ ನವಿಮುಂಬಯಿಯಲ್ಲಿ ಕೂಡ ನಮ್ಮ ಕನ್ನಡ ಸಂಘಗಳಿವೆ. ರಕ್ತದಾನ ಶಿಬಿರ ಮಾಡುತ್ತೇವೆ, ಯಕ್ಷಗಾನ ಆಡಿಸುತ್ತೇವೆ, ರಾಜ್ಯೋತ್ಸವಕ್ಕೆ ಶಾಲು ಹೊದಿಸುತ್ತೇವೆ. ಬಾಟಲಿಯಲ್ಲಿ ರಕ್ತ ಕೊಡುವ ನಾವು ನೆಲಕ್ಕೆ ಹರಿಯುವ ರಕ್ತ ನಿಲ್ಲಿಸುವುದನ್ನು ಯಾಕೆ ಕಲಿಯಬಾರದು? ಅದೇ ಶಿಬಿರದ ದಿನ, ಅದೇ ಹಾಲಿನಲ್ಲಿ, ಗೊತ್ತಿರುವ ಡಾಕ್ಟರೊಬ್ಬರನ್ನು ಕರೆಸಿ ಒಂದು ಗಂಟೆ. ಹೋಟೆಲ್ ಹುಡುಗರನ್ನೂ, ಕಾಲೇಜು ಮಕ್ಕಳನ್ನೂ ಕೂರಿಸಿ. ದಿನಾ ಬಾಗಿಲಲ್ಲಿ ನಿಂತು ಹೋಗುವವರು ಅವರೇ ತಾನೆ?

ಸತ್ತಿದ್ದಾನೆ ಅನ್ನುವುದು ಡಾಕ್ಟರ ಕೆಲಸ. ಅಲ್ಲಿ ತನಕ ಕಾಲು ಒತ್ತಿ ಹಿಡಿಯುವುದು ನಮ್ಮದು. ಆ ಹುಡುಗನ ಕಾಲು ನಾನು ಹಿಡಿಯಲಿಲ್ಲ. ಮುಂದಿನ ಸಲ ಹಿಡಿಯುತ್ತೇನೆ ಅಂದುಕೊಂಡಿದ್ದೇನೆ.

ನೀವೇನಂತೀರಿ?