ಓದದೆ ನೀಡುವ ತೀರ್ಪು

2025ರ ಮೇ 20ರಂದು ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಣೆಯಾದಾಗ ನಮ್ಮ ಹಾಸನದ ಹೆಸರು ಜಗತ್ತಿನ ಪತ್ರಿಕೆಗಳಲ್ಲಿ ಅಚ್ಚಾಯಿತು. ನಮ್ಮದೇ ಊರಿನ ವಕೀಲೆ ಹಾಗೂ ಲೇಖಕಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ಮಡಿಕೇರಿಯ ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಕೃತಿಗೆ ಆ ಪ್ರಶಸ್ತಿ ಸಂದಿತು. ಕನ್ನಡಕ್ಕೆ ಅದು ಮೊದಲ ಬೂಕರ್. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಗೌರವ ದೊರೆತದ್ದೂ ಅದೇ ಮೊದಲು. 1990ರಿಂದ 2023ರವರೆಗೆ ಬರೆದ ಆ ಕಥೆಗಳಲ್ಲಿ ಇರುವವರು ನಮ್ಮ ಮನೆಗಳ ತಾಯಂದಿರು, ಸಹೋದರಿಯರು, ನಮ್ಮ ಮೊಹಲ್ಲಾಗಳ ಮುತವಲ್ಲಿಗಳು.

ಆ ದಿನಗಳಲ್ಲಿ ಒಂದು ಶುಕ್ರವಾರ, ಜುಮಾ ನಮಾಜಿನ ಬಳಿಕ, ಸಾಲಗಾಮೆಯ ಚಹಾದ ಅಂಗಡಿಯೊಂದರಲ್ಲಿ ಕೆಲವು ಯುವಕರು ನನ್ನನ್ನು ಸುತ್ತುವರಿದರು. "ಹಜ್ರತ್, ಈ ಪುಸ್ತಕ ಇಸ್ಲಾಮಿಗೆ ವಿರುದ್ಧವಲ್ಲವೇ? ನೀವೇಕೆ ಬಯಾನಿನಲ್ಲಿ ಹೇಳುವುದಿಲ್ಲ?" ಎಂಬುದು ಅವರ ಪ್ರಶ್ನೆ. ನೀವು ಓದಿದ್ದೀರಾ ಎಂದು ಕೇಳಿದೆ. ಒಬ್ಬರೂ ಓದಿರಲಿಲ್ಲ. ಒಬ್ಬನ ಮೊಬೈಲಿನಲ್ಲಿ ಒಂದು ನಿಮಿಷವೂ ಇಲ್ಲದ ವೀಡಿಯೊ ಇತ್ತು. ಅದನ್ನು ಮಾಡಿದವನು ಯಾರೆಂದು ಕೇಳಿದೆ. ಅದೂ ಗೊತ್ತಿರಲಿಲ್ಲ. ಗುಂಪಿನಲ್ಲಿ ಬಂದಿತ್ತು, ಅವನು ಮುಂದಕ್ಕೆ ಕಳುಹಿಸಿದ್ದ, ಅಷ್ಟೆ.

ಪ್ರಿಯ ಓದುಗರೇ, ನನ್ನ ಇಂದಿನ ವಾದ ಆ ಯುವಕರೊಂದಿಗೆ ಮಾತ್ರವಲ್ಲ, ಅವರನ್ನು ಹಾಗೆ ಬೆಳೆಸಿದ ನಮ್ಮೊಂದಿಗೂ ಇದೆ. ಪ್ರವಾದಿಯವರ(ಸ) ಮೇಲೆ ಅವತೀರ್ಣವಾದ ಮೊದಲ ವಚನದ ಮೊದಲ ಪದವೇ 'ಓದು' ಎಂದು ನಾವು ಪ್ರತಿ ಸಭೆಯಲ್ಲಿಯೂ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಓದದ ಪುಸ್ತಕದ ಮೇಲೆ ತೀರ್ಪು ಕೊಡಲು ನಮ್ಮಷ್ಟು ಅವಸರಪಡುವವರು ಯಾರಿದ್ದಾರೆ?

ಸುದ್ದಿಯೊಂದು ಬಂದಾಗ ಅದನ್ನು ಪರಿಶೀಲಿಸಬೇಕು, ಇಲ್ಲದಿದ್ದರೆ ಅರಿಯದೆ ಜನರಿಗೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡಬೇಕಾದೀತೆಂದು ಪವಿತ್ರ ಕುರ್‌ಆನ್ (49:6) ಎಚ್ಚರಿಸುತ್ತದೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನೆನಿಸಲು ಸಾಕು ಎಂಬ ಆಶಯದ ಹದೀಸನ್ನು ಇಮಾಮ್ ಮುಸ್ಲಿಮರು ತಮ್ಮ ಗ್ರಂಥದ ಮುನ್ನುಡಿಯಲ್ಲೇ ಇಟ್ಟಿದ್ದಾರೆ. ನಮ್ಮ ಹದೀಸ್ ಶಾಸ್ತ್ರ ನಿಂತಿರುವುದು ಸನದಿನ ಮೇಲೆ. ಯಾರು ಯಾರಿಂದ ಕೇಳಿದರು, ಕೇಳಿದವರ ನೆನಪು ಎಂಥದು, ನಡತೆ ಎಂಥದು ಎಂದು ಒಂದೊಂದು ಹೆಸರನ್ನೂ ತೂಗಿ ನೋಡಿದ ಸಮುದಾಯ ನಮ್ಮದು. ವಾಟ್ಸಾಪಿನ ಸಂದೇಶಕ್ಕೆ ಯಾವ ಸನದಿದೆ? ಸುಳ್ಳು ಸುದ್ದಿ ಹರಡಿ ಜೀವಗಳೇ ಹೋದ ಬಳಿಕ, 2018ರಲ್ಲಿ ಆ ಕಂಪನಿಯೇ ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಸಂದೇಶ ರವಾನಿಸದಂತೆ ಮಿತಿ ಹಾಕಿತು. ಸನದಿನ ವಾರಸುದಾರರಾದ ನಮ್ಮ ಹೆಬ್ಬೆರಳಿಗೆ ವ್ಯಾಪಾರದ ಕಂಪನಿಯೊಂದು ಕಡಿವಾಣ ಹಾಕಬೇಕಾಯಿತೆಂದರೆ ನಾಚಿಕೆಯಾಗಬೇಡವೇ?

ಈಗ ಇದಕ್ಕೆ ಇನ್ನೊಂದು ಸೇರಿದೆ. ಓದುವ ಶ್ರಮ ಬೇಡವೆನ್ನುವವರು ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಕೇಳುತ್ತಾರೆ: "ಈ ಕಥೆಯಲ್ಲಿ ಏನಿದೆ? ಇದು ಹರಾಮೋ ಹಲಾಲೋ?" ಯಂತ್ರವು ತಡವರಿಸದೆ ಉತ್ತರಿಸುತ್ತದೆ, ತಿಳಿಯದಿದ್ದಲ್ಲಿ ಕಲ್ಪಿಸಿಯೂ ಹೇಳುತ್ತದೆ. ಅಲ್ಲಾಹನ ಮುಂದೆ ಉತ್ತರ ಕೊಡಬೇಕಾದ ಭಯ ಅದಕ್ಕಿಲ್ಲ. ಆ ಭಯ ನಮಗಿದೆ. ಅರಿವಿಲ್ಲದ ವಿಷಯದ ಬೆನ್ನು ಹತ್ತಬೇಡಿ, ಕಿವಿ, ಕಣ್ಣು, ಹೃದಯಗಳೆಲ್ಲವೂ ವಿಚಾರಣೆಗೆ ಒಳಪಡುತ್ತವೆ ಎಂಬ ವಚನ (17:36) ಇಳಿದದ್ದು ಮನುಷ್ಯರಿಗೆ.

"ಕಥೆ, ಕವಿತೆಗಳಿಂದ ದೀನಿಗೆ ಏನು ಪ್ರಯೋಜನ?" ಎನ್ನುವವರು 'ಅಶ್ಶುಅರಾ' ಅಧ್ಯಾಯವನ್ನು ನೆನಪಿಸುತ್ತಾರೆ. ಅಲ್ಲಿ ದಾರಿತಪ್ಪಿದ ಕವಿಗಳ ಖಂಡನೆ ಇರುವುದು ನಿಜ. ಆದರೆ ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ಕೊನೆಯ ವಚನದಲ್ಲಿ (26:227) ವಿಶ್ವಾಸವಿಟ್ಟು ಸತ್ಕರ್ಮ ಮಾಡುವವರಿಗೆ, ಅನ್ಯಾಯಕ್ಕೊಳಗಾದ ಬಳಿಕ ಅದನ್ನು ಎದುರಿಸುವವರಿಗೆ ವಿನಾಯಿತಿ ಇದೆ. ಮದೀನಾದ ಮಸೀದಿಯಲ್ಲಿ ಕವಿ ಹಸ್ಸಾನ್ ಬಿನ್ ಸಾಬಿತ್(ರ) ಅವರಿಗಾಗಿ ಪ್ರವಾದಿಯವರು(ಸ) ಮಿಂಬರ್ ಹಾಕಿಸಿದ್ದರೆಂಬ ವರದಿಯನ್ನು ಮದ್ರಸಾದಲ್ಲಿ ಓದಿದವರೆಲ್ಲ ಬಲ್ಲರು.

ಇನ್ನು ಕಥೆಗಳಿಗೆ ಬರೋಣ. 'ಬೆಂಕಿ ಮಳೆ'ಯಲ್ಲಿ ತಂದೆಯ ಆಸ್ತಿಯಲ್ಲಿ ತನ್ನ ಪಾಲನ್ನು ಕೇಳಲು ಸಹೋದರಿಯೊಬ್ಬಳು ಮುತವಲ್ಲಿಯಾದ ಅಣ್ಣನ ಮನೆಗೆ ಬರುತ್ತಾಳೆ. ಅವನಿಗೆ ಅದನ್ನು ಕೇಳಲು ಬಿಡುವಿಲ್ಲ. ಹಿಂದೂ ಸ್ಮಶಾನದಲ್ಲಿ ಹೂಳಲಾದ ಶವವೊಂದನ್ನು ಮುಸಲ್ಮಾನನದೆಂದು ಖಬರಸ್ಥಾನಕ್ಕೆ ತರುವ ಹೋರಾಟಕ್ಕೆ ಅವನು ಮುಂದಾಳಾಗುತ್ತಾನೆ. ಸತ್ತವನ ಹಕ್ಕಿಗಾಗಿ ಊರನ್ನೇ ಕೂಡಿಸಿದವನು ಬದುಕಿರುವ ಒಡಹುಟ್ಟಿದವಳ ಹಕ್ಕನ್ನು ಮರೆಯುತ್ತಾನೆ. ಇದರಲ್ಲಿ ಇಸ್ಲಾಮಿನ ವಿರೋಧ ಎಲ್ಲಿದೆ? ಆಸ್ತಿ ಕಡಿಮೆಯಿರಲಿ, ಹೆಚ್ಚಿರಲಿ, ಸ್ತ್ರೀಯರಿಗೆ ಅದರಲ್ಲಿ ನಿಶ್ಚಿತ ಪಾಲಿದೆಯೆಂದು ಕುರ್‌ಆನ್ (4:7) ಸಾರಿದೆ. ಪಾಲುಗಳನ್ನು ವಿವರಿಸಿದ ಬಳಿಕ, ಈ ಮೇರೆಗಳನ್ನು ಮೀರುವವನಿಗೆ ನರಕದ ಎಚ್ಚರಿಕೆ (4:14) ಕೊಟ್ಟಿದೆ. ನಮ್ಮ ಹೋಬಳಿಯ ಹಳ್ಳಿಗಳಲ್ಲಿ ಎಷ್ಟು ಮನೆಗಳ ಹೆಣ್ಣುಮಕ್ಕಳಿಗೆ ಜಮೀನಿನ ಪಾಲು ಕೈಸೇರಿದೆ? "ಮದುವೆಯಲ್ಲಿ ಕೊಟ್ಟಾಗಿದೆ", "ಅವಳೇ ಬೇಡವೆಂದಳು" ಎಂಬ ಮಾತುಗಳನ್ನು ನಾನು ಎಷ್ಟು ಬಾರಿ ಕೇಳಿಲ್ಲ! ವರದಕ್ಷಿಣೆಯು ಷರೀಅತ್ತಿನಲ್ಲಿ ಇಲ್ಲದ್ದು, ಪಾಲು ಇರುವಂಥದ್ದು. ಇಲ್ಲದ್ದನ್ನು ಕೊಟ್ಟು ಇರುವುದನ್ನು ಕಿತ್ತುಕೊಂಡವರು ಕಥೆಗಾರ್ತಿಯನ್ನು ಧರ್ಮವಿರೋಧಿ ಎನ್ನುವುದು ಯಾವ ನ್ಯಾಯ?

'ಕರಿ ನಾಗರಗಳು' ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಅವರು 2004ರಲ್ಲಿ 'ಹಸೀನಾ' ಚಿತ್ರವನ್ನು ಮಾಡಿದರು. ಅದರ ಅಭಿನಯಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಆ ಕಥೆಯಲ್ಲಿ ಹೆಣ್ಣುಮಕ್ಕಳನ್ನು ಹೆತ್ತ ಬಡ ತಾಯಿಯನ್ನು ಗಂಡ ಕೈಬಿಡುತ್ತಾನೆ. ಅವಳು ನ್ಯಾಯ ಕೇಳಿ ಮಸೀದಿಗೆ ಬಂದು ಕೂರುತ್ತಾಳೆ. ಕಾಯಿಲೆಯ ಮಗು ಅಲ್ಲೇ ಪ್ರಾಣ ಬಿಡುತ್ತದೆ. ಹೆಣ್ಣು ಹುಟ್ಟಿತೆಂದು ಮುಖ ಕಪ್ಪಿಡುವವರನ್ನು ಕುರ್‌ಆನ್ (16:58-59) ಖಂಡಿಸಿದೆ. ಪತ್ನಿಯರ ನಡುವೆ ನ್ಯಾಯ ಪಾಲಿಸಲಾರೆನೆಂಬ ಭಯವಿದ್ದರೆ ಒಬ್ಬಳೇ ಸಾಕೆಂದು (4:3) ಆದೇಶಿಸಿದೆ. ಆ ಅಪ್ಪನನ್ನೂ ಆ ಮುತವಲ್ಲಿಯನ್ನೂ ಕುರ್‌ಆನಿನ ಮುಂದೆ ನಿಲ್ಲಿಸಿದರೆ ತೀರ್ಪು ಯಾರ ಪರವಾಗಿ ಬರುತ್ತದೆ?

"ಇರಬಹುದು, ಆದರೆ ಮನೆಯ ಗುಟ್ಟನ್ನು ಬೀದಿಗೆ ತರಬೇಕೆ? ನಮ್ಮನ್ನು ದ್ವೇಷಿಸುವವರ ಕೈಗೆ ಅಸ್ತ್ರ ಕೊಟ್ಟಂತಾಗಲಿಲ್ಲವೆ?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಈ ಅಳಲು ಸುಳ್ಳಲ್ಲ. ನಮ್ಮ ಸ್ತ್ರೀಯರ ಕಣ್ಣೀರನ್ನು ತಮ್ಮ ರಾಜಕೀಯಕ್ಕೆ ಬಳಸುವವರಿದ್ದಾರೆ. ಅಂಥವರಿಗೆ ಈ ಲೇಖಕಿಯೂ ಬೇಕಾಗಿರಲಿಲ್ಲವೆಂಬುದು ಅದೇ ವರ್ಷ ತಿಳಿಯಿತು. ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ಕೆಲವರು ಸುಪ್ರೀಂ ಕೋರ್ಟಿನವರೆಗೆ ಹೋದರು, ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. 2017ರಲ್ಲಿ ಕವಿ ನಿಸಾರ್ ಅಹಮದ್ ಅವರು ಅದೇ ದಸರಾ ಉದ್ಘಾಟಿಸಿದ್ದನ್ನು ಅವರು ಮರೆತಿದ್ದರು. ಆದರೆ ಶತ್ರುವಿನ ಭಯದಿಂದ ಮನೆಯೊಳಗಿನ ಅನ್ಯಾಯಕ್ಕೆ ರಕ್ಷಣೆ ಕೊಡಬೇಕೆಂದು ದೀನ್ ಕಲಿಸಿಲ್ಲ. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದನ್ನು ಅಲ್ಲಾಹನು ಮೆಚ್ಚುವುದಿಲ್ಲ, ಅನ್ಯಾಯಕ್ಕೊಳಗಾದವರ ಹೊರತು ಎಂದು 4:148ರಲ್ಲಿದೆ. ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಿರಿ, ಅದು ಸ್ವತಃ ನಿಮಗೆ, ನಿಮ್ಮ ತಂದೆತಾಯಿಗಳಿಗೆ ಪ್ರತಿಕೂಲವಾದರೂ ಸರಿ ಎಂದು 4:135ರಲ್ಲಿದೆ. ಗುಟ್ಟನ್ನು ಮುಚ್ಚುವುದು ಒಬ್ಬನ ಖಾಸಗಿ ತಪ್ಪಿಗೆ ಅನ್ವಯ. ಇನ್ನೊಬ್ಬರ ಹಕ್ಕನ್ನು ನುಂಗಿದವನಿಗೆ ಆ ಪರದೆಯ ಆಸರೆಯಿಲ್ಲ. ಶತ್ರುವಿನ ಕೈಯಿಂದ ಅಸ್ತ್ರ ಕಸಿಯುವ ದಾರಿ ಒಂದೇ: ಆ ಅನ್ಯಾಯ ನಮ್ಮಲ್ಲಿ ಇಲ್ಲದಂತೆ ಮಾಡುವುದು.

ಒಂದು ಕಹಿ ನೆನಪನ್ನೂ ಹೇಳಬೇಕು. ಸ್ತ್ರೀಯರಿಗೆ ಮಸೀದಿ ಪ್ರವೇಶವಿರಬೇಕೆಂದು ಮಾತನಾಡಿದ ಕಾರಣಕ್ಕೆ 2000ದಲ್ಲಿ ಇದೇ ಲೇಖಕಿಗೆ ಸಾಮಾಜಿಕ ಬಹಿಷ್ಕಾರ ಹಾಕಲಾಯಿತು. ಈ ವಿಷಯದಲ್ಲಿ ಹನಫಿ ವಿದ್ವಾಂಸರ ಅಭಿಪ್ರಾಯಗಳನ್ನು ನಾನೂ ಓದಿದ್ದೇನೆ. ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬಾರದೆಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವುದನ್ನೂ ಓದಿದ್ದೇನೆ. ಉಲಮಾಗಳು ಚರ್ಚಿಸಬೇಕಾದ ಮಸ್ಅಲೆಗೆ ಬಹಿಷ್ಕಾರ ಉತ್ತರವಾಗುವುದಿಲ್ಲ.

ಲೇಖಕಿಯ ಎಲ್ಲ ಮಾತನ್ನೂ ನಾನು ಒಪ್ಪುತ್ತೇನೆಂದು ಯಾರೂ ಭಾವಿಸಬೇಕಿಲ್ಲ. ದಸರಾ ವೇದಿಕೆಯ ಕುರಿತು ನಮ್ಮಲ್ಲಿ ಧಾರ್ಮಿಕ ಆಕ್ಷೇಪಗಳಿವೆ, ಅದು ಬೇರೆಯೇ ಚರ್ಚೆ. ಕಥೆಗಳಲ್ಲಿಯೂ ನಾನು ಬೇರೆ ರೀತಿ ಹೇಳುತ್ತಿದ್ದ ಎಡೆಗಳಿವೆ. ಒಪ್ಪದಿರಲು ನಮಗೆ ಹಕ್ಕಿದೆ, ಆದರೆ ಆ ಹಕ್ಕು ಹುಟ್ಟುವುದು ಕೊನೆಯ ಪುಟ ಮಗುಚಿದ ಮೇಲೆ. ಆ ಯುವಕರಿಗೆ ನಾನು ಹೇಳಿದ್ದೂ ಇಷ್ಟೆ: ಓದಿ ಬನ್ನಿ, ಆಮೇಲೆ ವಾದಿಸೋಣ. ನಮ್ಮ ಜಮಾಅತ್‌ಗಳು ಮಸೀದಿಯ ಬಣ್ಣ, ಮೈಕು, ಮಿನಾರಕ್ಕೆ ಚಂದಾ ಎತ್ತುತ್ತವೆ. ಮಕ್ಕಳಿಗೆ ಕನ್ನಡ ಪುಸ್ತಕಗಳ ಒಂದು ಕಪಾಟು ಇಡಲು ಎಷ್ಟು ಬೇಕಾದೀತು?

ಔಸ್ ಬಿನ್ ಸಾಮಿತರು ಪತ್ನಿಯನ್ನು ತಾಯಿಗೆ ಹೋಲಿಸಿ ದೂರವಿಟ್ಟಾಗ ಆ ಪತ್ನಿ, ಖೌಲಾ ಬಿಂತಿ ಸಅ್ಲಬಾ(ರ), ನೇರವಾಗಿ ಪ್ರವಾದಿಯವರ(ಸ) ಬಳಿಗೆ ಬಂದು ವಾದಿಸಿದರು. ಮನೆಯ ಗುಟ್ಟನ್ನು ಹೊರಗೆ ತಂದೆಯೇಕೆ ಎಂದು ಅವರನ್ನು ಗದರಿಸಿ ಕಳುಹಿಸಲಿಲ್ಲ. ತನ್ನ ಗಂಡನ ವಿಷಯದಲ್ಲಿ ವಾದಿಸಿದವಳ ಮಾತನ್ನು ಅಲ್ಲಾಹನು ಆಲಿಸಿದನೆಂಬ ಘೋಷಣೆಯೊಂದಿಗೆ 58ನೇ ಅಧ್ಯಾಯ ಅವತೀರ್ಣವಾಯಿತು. ಅದರ ಹೆಸರೇ 'ವಾದಿಸುವವಳು'. ಏಳು ಆಕಾಶಗಳ ಒಡೆಯನು ಒಬ್ಬ ಹೆಂಗಸಿನ ದೂರನ್ನು ಕೇಳಿಸಿಕೊಂಡ. ನಮಗೆ ಹನ್ನೆರಡು ಕಥೆಗಳನ್ನು ಓದುವಷ್ಟೂ ಪುರುಸೊತ್ತಿಲ್ಲವೆ?

ಕೇಳುವ ಕಿವಿಯನ್ನೂ, ಓದುವ ತಾಳ್ಮೆಯನ್ನೂ, ಹೆಣ್ಣುಮಕ್ಕಳ ಪಾಲನ್ನು ಅವರ ಕೈಗಿಡುವ ಧೈರ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.